ಗೋಲಿನ ಮುಂದೆ ನಿಂತ ದರ್ಜಿ

ಸ್ಟೋರ್ ರೂಮ್ ಖಾಲಿ ಮಾಡು ಅಂದರು. ಹೊಸ ಸಾಮಾನು ಬರಲಿಕ್ಕಿತ್ತು. ಹಳೆಯ ಸ್ಕೇಟು, ತುಂಡಾದ ಹಾಕಿ ಕೋಲು, ಬಿರುಕು ಬಿಟ್ಟ ಹೆಲ್ಮೆಟ್ಟು, ಎಲ್ಲ ಎಳೆದು ಹೊರಗೆ ರಾಶಿ ಹಾಕಿದೆ. ಕೊನೆಯ ಮೂಲೆಯಲ್ಲಿ ಒಂದು ಜೋಡಿ ಕಾಲಿನ ಪ್ಯಾಡು ಸಿಕ್ಕಿತು. ಲಾರಿಗೆ ಹೊದಿಸುವ ನೀಲಿ ಟಾರ್ಪಾಲಿನಲ್ಲಿ ಹೊಲಿದದ್ದು. ಎತ್ತಿದ ಕೂಡಲೇ ವಾಸನೆ ಬಂತು. ಹೊಲಿಗೆ ಮಿಷನ್ನಿನ ಎಣ್ಣೆ, ಟಾರ್ಪಾಲು, ಅದರೊಳಗೆ ಸ್ವಲ್ಪ ಅತ್ತರು. ಇಷ್ಟು ವರ್ಷ ಮಕ್ಕಳ ಬೆವರು ಕುಡಿದರೂ ಅತ್ತರು ಹೋಗಿರಲಿಲ್ಲ. ಬಲಗಾಲಿನ ಪ್ಯಾಡು ತಿರುಗಿಸಿ ನೋಡಿದೆ. ಮೊಣಕಾಲಿನ ಒಳಬದಿಯಲ್ಲಿ ಒಂದು ತೇಪೆ, ಬೇರೆ ಬಣ್ಣದ ನೂಲು. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ…

ಅದನ್ನು ಹೊಲಿದವರನ್ನು ನಾವು ಮಾಸ್ಟರ್ ಅನ್ನುತ್ತಿದ್ದೆವು. ಇಲ್ಲಿ ದರ್ಜಿ ಎಂದರೆ ಎಲ್ಲರಿಗೂ ಮಾಸ್ಟರೇ. ಪಾಕಿಸ್ತಾನದವನಿಗೂ, ಬಂಗಾಳಿಗೂ, ನಮಗೂ.

ನಾನು ಕೆಲಸ ಮಾಡುವುದು ರಿಯಾದಿನ ಒಂದು ಮಾಲಿನ ಐಸ್ ರಿಂಕಿನಲ್ಲಿ. ಐಸನ್ನು ಸಮ ಮಾಡುವ ಗಾಡಿ ಓಡಿಸುತ್ತೇನೆ. ಹೊರಗೆ ಬಿಸಿಲಿಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತದೆ, ಒಳಗೆ ಮಕ್ಕಳು ಜಾಕೆಟ್ ಹಾಕಿಕೊಂಡು ನಡುಗುತ್ತಾರೆ. ಶುಕ್ರವಾರ ಬೆಳಿಗ್ಗೆ, ಜುಮ್ಮಾ ನಮಾಜಿನ ಮೊದಲು, ಮಕ್ಕಳ ಐಸ್ ಹಾಕಿ. ಇದರಲ್ಲಿ ಚೆಂಡಿಲ್ಲ, ಗಟ್ಟಿ ರಬ್ಬರಿನ ಕಪ್ಪು ಬಿಲ್ಲೆ. ಕಾಲಿಗೆ ಅಲಗಿರುವ ಬೂಟು. ಬಿಲ್ಲೆ ಮೈಗೆ ತಾಗಿದರೆ ಕಲ್ಲು ತಾಗಿದ ಹಾಗೆ. ಅದಕ್ಕೇ ಮೈತುಂಬ ಪ್ಯಾಡು.

ಈಗ ಇದು ದೊಡ್ಡ ಲೀಗ್. ರಿಯಾದ್, ಜಿದ್ದಾ, ಖೋಬರ್, ಈ ವರ್ಷದಿಂದ ತಬೂಕ್. ರಿಂಕಿನ ಬಾಗಿಲಲ್ಲಿ ಲೀಗಿನ ಇತಿಹಾಸದ ಬೋರ್ಡು ಹಾಕಿದ್ದಾರೆ. ಯಾರು ಶುರು ಮಾಡಿದರು, ಯಾರು ಗೆದ್ದರು, ಯಾರು ಬಹುಮಾನ ಕೊಟ್ಟರು, ಎಲ್ಲ ಉಂಟು. ಮಾಸ್ಟರ್ ಇಲ್ಲ. ಆದರೆ ಎಲ್ಲಕ್ಕಿಂತ ಮೇಲಿನ ಹಳೆಯ ಫೋಟೋದಲ್ಲಿ ನಮ್ಮ ಮಕ್ಕಳು ಸಾಲಾಗಿ ನಿಂತಿದ್ದಾರೆ. ಹತ್ತಿರ ಹೋಗಿ ನೋಡಿದರೆ ಎಲ್ಲರ ಅಂಗಿಗೂ ಎದೆಯಲ್ಲಿ ಒಂದು ಜೇಬು. ಹಾಕಿ ಅಂಗಿಗೆ ಲೋಕದಲ್ಲಿ ಎಲ್ಲೂ ಜೇಬಿಲ್ಲ. ನಮ್ಮ ಲೀಗಿಗೆ ಇತ್ತು.

ಮಾಸ್ಟರ್ ಅಂಗಡಿ ಇಲ್ಲಿನ ಹಳೆಯ ಪೇಟೆ ಬತ್ಹಾದ ಒಂದು ಗಲ್ಲಿಯಲ್ಲಿತ್ತು. ಒಬ್ಬ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಂಗಡಿ. ನಾನು ಹೊಸದಾಗಿ ಬಂದಾಗ ಕಂಪನಿ ಕೊಟ್ಟ ಪ್ಯಾಂಟು ಉದ್ದವಾಗಿತ್ತು. ಗಿಡ್ಡ ಮಾಡಿಸಲು ಹೋದೆ. ಹಿಂದಿಯಲ್ಲಿ ಏನೋ ಹೇಳಲು ಒದ್ದಾಡುತ್ತಿದ್ದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಊರು ಎಲ್ಲಿ?"

"ಬಂಟ್ವಾಳ ಕಡೆ."

"ನಂದು ಭಟ್ಕಳ. ನಿಂಗೆ ನವಾಯತಿ ಬರೂದಿಲ್ಲ, ನಂಗೆ ಬ್ಯಾರಿ ಬರೂದಿಲ್ಲ. ಕನ್ನಡದಲ್ಲೇ ಹೇಳು ಮಾರಾಯ. ಎಂತ ಕೆಲಸ?"

"ಐಸಲ್ಲಿ."

"ಮೀನಿನ ಐಸಾ?"

"ಅಲ್ಲ ಮಾಸ್ಟ್ರೇ, ಮಕ್ಕಳು ಆಡುವ ಐಸು."

"ಮೀನಿಲ್ಲದ ಐಸು ಎಂತಕ್ಕೆ?" ಅಂದರು. ಪ್ಯಾಂಟು ಎಳೆದುಕೊಂಡು ಮಡಚಿ ಹೊಲಿದರು. ಕತ್ತರಿಸಲಿಲ್ಲ. "ಈಗ ಕತ್ತರಿಸಿದ್ರೆ ಮತ್ತೆ ಉದ್ದ ಮಾಡ್ಲಿಕ್ಕೆ ಆಗ್ತದಾ? ನೀನಿನ್ನೂ ಬೆಳೀತಿ" ಅಂದರು. ಆಗಲೇ ನನಗೆ ಮೀಸೆ ಬಂದಿತ್ತು.

ಅದು ಅವರ ಕೆಲಸದ ಕ್ರಮ. ಜೀವನವಿಡೀ ಇಂಡಿಯನ್ ಸ್ಕೂಲಿನ ಮಕ್ಕಳ ಯೂನಿಫಾರ್ಮ್ ಹೊಲಿದವರು. ಮಕ್ಕಳು ಬೆಳೆಯುತ್ತಾರೆ. ಆದ್ದರಿಂದ ತೋಳಿನ ಕೆಳಗೆ, ಪಕ್ಕದಲ್ಲಿ, ಅಂಚಿನಲ್ಲಿ ಒಳಗೆ ಬಟ್ಟೆ ಮಡಚಿ ಬಿಡುತ್ತಿದ್ದರು. ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ ಅದೇ ಅಂಗಿ ಇನ್ನೊಂದು ವರ್ಷಕ್ಕೆ ಬರುತ್ತಿತ್ತು.

ಆಗ ನಮ್ಮ ರಿಂಕಿನಲ್ಲಿ ಲೀಗ್ ಇರಲಿಲ್ಲ. ಕೆಲವು ಮಕ್ಕಳು ಇದ್ದರು. ಸೌದಿ ಮಕ್ಕಳು, ನಮ್ಮವರು, ಫಿಲಿಪೀನ್ಸಿನವರು. ಒಬ್ಬ ಸೌದಿ ಯುವಕ ಇವರನ್ನು ಸೇರಿಸಿ ಕಲಿಸುತ್ತಿದ್ದ. ಚಳಿ ದೇಶದಲ್ಲಿ ಓದುವಾಗ ಈ ಆಟ ಕಲಿತವನು. ಅವನನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಿದ್ದರು. ಮಾಲಿನ ಮೇನೇಜರ್ ಶುಕ್ರವಾರ ಬೆಳಿಗ್ಗೆ ಐಸು ಬಿಟ್ಟುಕೊಟ್ಟಿದ್ದರು, ಒಂದು ಮಾತಿನ ಮೇಲೆ. ಜಿದ್ದಾದಲ್ಲೂ ಹೀಗೇ ಒಂದು ತಂಡ ಇತ್ತು. ಅವರನ್ನು ಕರೆಸಿ ಒಂದು ಮ್ಯಾಚ್ ಆಡಿಸಿ ತೋರಿಸಬೇಕು. ಮ್ಯಾಚ್ ಆದರೆ ಶುಕ್ರವಾರ ಮಕ್ಕಳದು. ಆಗದಿದ್ದರೆ ಶುಕ್ರವಾರ ಬರ್ತ್‌ಡೇ ಪಾರ್ಟಿಗಳಿಗೆ. ಬೇರೆ ದಿನ ಬೇರೆ ಹೊತ್ತು ಆ ಮಕ್ಕಳಿಗೆ ಸಿಗುವುದೇ ಇಲ್ಲ. ಶುಕ್ರವಾರ ಹೋದರೆ ಎಲ್ಲ ಖಲಾಸ್.

ಮ್ಯಾಚಿಗೆ ಅಂಗಿ ಬೇಕಲ್ಲ. ನನಗೆ ಗೊತ್ತಿರುವವರು ಒಬ್ಬರಿದ್ದಾರೆ ಅಂದೆ. ಮಾಸ್ಟರ್ ಅತ್ತರು ಹಚ್ಚಿ, ಟೇಪು ಕುತ್ತಿಗೆಗೆ ಹಾಕಿಕೊಂಡು ಬಂದರು. ಮಕ್ಕಳನ್ನು ಬೆಂಚಿನ ಪಕ್ಕ ನಿಲ್ಲಿಸಿ ಅಳತೆ ತೆಗೆದರು. ಎದೆ, ಭುಜ, ತೋಳು. ಹೊಲಿದು ತಂದ ಅಂಗಿ ನೋಡಿ ಕ್ಯಾಪ್ಟನ್ ನಕ್ಕುಬಿಟ್ಟ. ಕಾಲರಿತ್ತು, ಇಸ್ತ್ರಿ ಗೆರೆ ಇತ್ತು, ಜೇಬಿತ್ತು.

"ಜೇಬು ಯಾಕೆ ಮಾಸ್ಟ್ರೇ?"

"ಜೇಬಿಲ್ಲದ ಅಂಗಿ ಎಂತ ಅಂಗಿ? ಮಕ್ಕಳು ಕರ್ಚೀಫ್ ಎಲ್ಲಿ ಇಡೂದು?"

ಜೇಬಿನದ್ದು ಪರವಾಗಿರಲಿಲ್ಲ. ಮಕ್ಕಳು ಒಳಗೆ ಪ್ಯಾಡು ಕಟ್ಟಿ ಅಂಗಿ ಹಾಕಲು ಹೋದರು. ತಲೆ ಹೋಯಿತು, ಎದೆಯಲ್ಲಿ ಸಿಕ್ಕಿಬಿತ್ತು. ಮಾಸ್ಟರ್ ಶಾಲೆಗೆ ಹೋಗುವ ಮಕ್ಕಳ ಅಳತೆ ತೆಗೆದಿದ್ದರು. ಒಳಗೆ ಅಷ್ಟು ದಪ್ಪ ಪ್ಯಾಡು ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಹೇಳಬೇಕೆಂದು ನಮಗೂ ತೋಚಲಿಲ್ಲ. ಕೈ ಮೇಲೆ ಮಾಡಿ ಸಿಕ್ಕಿಬಿದ್ದ ಮಕ್ಕಳು ಐಸಿನ ಮೇಲೆ ಕುರುಡರ ಹಾಗೆ ತಿರುಗುತ್ತಿದ್ದರು. ಕ್ಯಾಪ್ಟನ್ ಮುಖ ಸಣ್ಣದಾಯಿತು.

ಮಾಸ್ಟರ್ ಬೆಂಚಿನಲ್ಲಿ ಕುಳಿತರು. ಜೇಬಿನಿಂದ ಅರ್ಧ ಬ್ಲೇಡು ತೆಗೆದರು. ಒಂದೊಂದೇ ಅಂಗಿಯ ಪಕ್ಕದ ಹೊಲಿಗೆ ಸರ್ರನೆ ಬಿಚ್ಚಿದರು. ಒಳಗೆ ಮಡಚಿ ಬಿಟ್ಟ ಬಟ್ಟೆ ಹೊರಗೆ ಬಂತು. ಅಲ್ಲೇ ಸೂಜಿಯಲ್ಲಿ ಟಾಕು ಹಾಕಿ ಕೊಟ್ಟರು. ಪ್ಯಾಡಿನ ಮೇಲೆ ಅಂಗಿ ಇಳಿಯಿತು. "ಬೆಳೀಲಿಕ್ಕೆ ಬಿಟ್ಟದ್ದು. ಒಂದೇ ದಿನದಲ್ಲಿ ಬೆಳೆದ್ರು" ಅಂದರು. ಅಷ್ಟೇ.

ಅಂಗಿ ಸರಿಯಾಯಿತು. ಗೋಲು ಕಾಯುವ ಗೋಲಿ ಇರಲಿಲ್ಲ.

ಗೋಲು ಕಾಯುವವರ ಪ್ಯಾಡು ಬೇರೆ. ಕಾಲಿಗೆ ಹಲಗೆಯಷ್ಟು ದೊಡ್ಡದು. ಕ್ಯಾಪ್ಟನ್ ತರಿಸಿದ ಪೆಟ್ಟಿಗೆಯಲ್ಲಿ ಹೆಲ್ಮೆಟ್ಟು, ಎದೆಯದ್ದು, ಕೈಯದ್ದು ಸರಿ ಇತ್ತು. ಕಾಲಿನದ್ದು ಮಾತ್ರ ದೊಡ್ಡವರ ಅಳತೆಯದು ಬಂದಿತ್ತು. ಬದಲಿಗೆ ಬೇರೆಯದು ಬರುವಷ್ಟರಲ್ಲಿ ಮ್ಯಾಚಿನ ದಿನ ಮುಗಿದುಹೋಗುತ್ತಿತ್ತು. ಗೋಲು ಕಾಯಲು ಧೈರ್ಯ ಇದ್ದದ್ದು ಒಬ್ಬಳಿಗೇ. ಮಂಗಳೂರಿನ ನರ್ಸ್ ಒಬ್ಬರ ಮಗಳು, ಏಳನೇ ಕ್ಲಾಸು, ವಯಸ್ಸಿಗೆ ಮೀರಿ ಉದ್ದ. ಪ್ಯಾಡು ಕಟ್ಟಿದರೆ ಅವಳ ಸೊಂಟ ದಾಟುತ್ತಿತ್ತು, ಬಗ್ಗಲು ಆಗುತ್ತಿರಲಿಲ್ಲ. ಉಳಿದ ಆಟಗಾರರ ಸಣ್ಣ ಪ್ಯಾಡು ಕಟ್ಟಿಕೊಂಡೇ ನಿಲ್ಲುತ್ತೇನೆ ಅಂದಳು. ಅವಳ ಅಮ್ಮ ಬಿಡಲಿಲ್ಲ.

ಅವರನ್ನು ನಾವು ಸಿಸ್ಟರ್ ಅನ್ನುತ್ತಿದ್ದೆವು. ಆಸ್ಪತ್ರೆಯಲ್ಲಿ ಎಮರ್ಜೆನ್ಸಿಯಲ್ಲಿ ಕೆಲಸ. "ಎಲುಬು ಮುರಿದ ಮಕ್ಕಳನ್ನು ನಾನು ದಿನಾ ನೋಡ್ತೇನೆ. ನನ್ನ ಮಗಳನ್ನು ಅಲ್ಲಿ ನೋಡ್ಲಿಕ್ಕೆ ನನಗೆ ಇಷ್ಟ ಇಲ್ಲ. ಬೇಡ ಅಂದ್ರೆ ಬೇಡ" ಅಂದರು. ತಪ್ಪೇನಿಲ್ಲ. ಯಾವ ತಾಯಿಯಾದರೂ ಹೇಳುವುದು ಅದನ್ನೇ. ಹುಡುಗಿ ಐಸಿನ ಬದಿಯಲ್ಲಿ ಸ್ಕೇಟಿನ ತುದಿಯಿಂದ ಕೆರೆಯುತ್ತ ನಿಂತಳು. ನಾನು ಸಮ ಮಾಡಿದ ಐಸು. ಆವತ್ತು ಬೈಯಲಿಲ್ಲ.

ಮಾಸ್ಟರ್ ಅಲ್ಲೇ ಇದ್ದರು. ನನ್ನನ್ನು ಕರೆದು ಕೇಳಿದರು. "ಆ ದೊಡ್ಡ ಪ್ಯಾಡ್ ಒಂದು ನಂಗೆ ಕೊಡ್ತಾರಾ?"

"ಎಂತಕ್ಕೆ?"

"ಒಳಗೆ ಎಂತ ಉಂಟು ನೋಡ್ಬೇಕು."

ಹೊಸ ಪ್ಯಾಡು ಬಿಚ್ಚುತ್ತಾರೆ ಎಂದು ಗೊತ್ತಾದಾಗ ಕ್ಯಾಪ್ಟನ್ ತಲೆಗೆ ಕೈ ಇಟ್ಟುಕೊಂಡ. ನಾನು ಅಂಗಡಿಗೆ ಹೋದಾಗ ಪ್ಯಾಡು ಕೋಳಿ ಕೊಯ್ದ ಹಾಗೆ ಟೇಬಲ್ಲಿನ ಮೇಲೆ ಬಿದ್ದಿತ್ತು. ಪದರ ಪದರವಾಗಿ ಬಿಡಿಸಿ ಇಟ್ಟಿದ್ದರು. ನೋಡಿಯಾದ ಮೇಲೆ ವಾಪಸು ಹೊಲಿದರು. ಕ್ಯಾಪ್ಟನ್ ಎರಡು ಪ್ಯಾಡೂ ಹಿಡಿದು ಯಾವುದನ್ನು ಬಿಚ್ಚಿದ್ದು ಎಂದು ನನ್ನನ್ನೇ ಕೇಳಿದ.

ಪಕ್ಕದ ಅಂಗಡಿಯಲ್ಲಿ ಸೋಫಾ ರಿಪೇರಿಯ ಪಠಾಣ ಇದ್ದ. ಅವನಿಂದ ಗಟ್ಟಿ ಫೋಮು ಸಿಕ್ಕಿತು. ಒಂಟೆಯ ಜೀನಿನ ಅಡಿಗೆ ಹಾಕುವ ದಪ್ಪ ಕಂಬಳಿ ಎಲ್ಲಿಂದಲೋ ತಂದರು. ಮೇಲೆ ಟಾರ್ಪಾಲು. ಅವರ ಮಿಷನ್ನಿನ ಸೂಜಿ ತಡೆಯಲಿಲ್ಲ, ತುಂಡು ತುಂಡಾಯಿತು. ಮತ್ತೆ ಚಪ್ಪಲಿ ಹೊಲಿಯುವ ದಬ್ಬಳದಲ್ಲಿ ಕೈಯಲ್ಲೇ ಹೊಲಿದರು. ಹೆಬ್ಬೆರಳು ಬಾತು ಬದನೆಕಾಯಿಯ ಹಾಗಾಗಿತ್ತು. ಆ ಬೆರಳಲ್ಲೇ ಸುಲೈಮಾನಿ ಚಹಾದ ಲೋಟ ಹಿಡಿದು, "ಶಾಲೆ ಬ್ಯಾಗ್ ಹೊಲಿದ ಹಾಗೆ ಇದು. ಎಂತದೂ ಇಲ್ಲ" ಅನ್ನುತ್ತಿದ್ದರು.

ಮುಂದಿನ ಶುಕ್ರವಾರ ಪ್ಯಾಡು ಹೆಗಲಿಗೆ ಹಾಕಿಕೊಂಡು ಬಂದರು. ಸಿಸ್ಟರ್ ಡ್ಯೂಟಿ ಮುಗಿಸಿ ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದರು. ಪ್ಯಾಡನ್ನು ಒತ್ತಿ ನೋಡಿದರು. "ಚೆಂದ ಉಂಟು ಮಾಸ್ಟ್ರೇ. ಆದ್ರೆ ಗಟ್ಟಿ ಉಂಟು ಅಂತ ಹೇಗೆ ನಂಬೂದು?"

ಮಾಸ್ಟರ್ ಕೆಳಗೆ ಕುಳಿತು ಪ್ಯಾಡನ್ನು ತಮ್ಮ ಕಾಲಿಗೇ ಕಟ್ಟಿಕೊಂಡರು. ಅವರು ಗಿಡ್ಡ ಮನುಷ್ಯ, ಆ ಹುಡುಗಿಯಷ್ಟೇ ಎತ್ತರ. ಉಳಿದದ್ದನ್ನೂ ಹಾಕಿಸಿಕೊಂಡರು. ಹೆಲ್ಮೆಟ್ಟಿನೊಳಗೆ ಬಿಳಿ ಗಡ್ಡ ಜಾಲರಿಯಿಂದ ಹೊರಗೆ ಬಂದಿತ್ತು. ಮಾಮೂಲಿ ಚಪ್ಪಲಿಯಲ್ಲೇ ಐಸಿಗೆ ಇಳಿದರು. ಎರಡೂ ಬದಿ ಮಕ್ಕಳು ಹಿಡಿದುಕೊಂಡು ಗೋಲಿನ ತನಕ ಮದುಮಗನ ಹಾಗೆ ಕರೆದುಕೊಂಡು ಹೋದರು.

"ಹೊಡಿ ಮಾರಾಯ" ಅಂದರು ನನಗೆ.

"ನಾನಾ?"

"ಮತ್ತೆ ಮಕ್ಕಳು ಹೊಡೀಬೇಕಾ? ಜೋರು ಹೊಡಿ. ನಾನು ಹೊಲಿದದ್ರ ಪೆಟ್ಟು ಮೊದ್ಲು ನಂಗೆ ಬೀಳ್ಲಿ."

ಹೊಡೆದೆ. ಧಡ್ ಅಂತ ಪ್ಯಾಡಿಗೆ ಬಡಿದು ಬಿಲ್ಲೆ ಹಿಂದೆ ಬಂತು. ಮಾಸ್ಟರ್ ಅಲ್ಲಾಡಲಿಲ್ಲ. ಮತ್ತೆ ಹೊಡೆದೆ. ಮತ್ತೆ. ಮಕ್ಕಳು ಚಪ್ಪಾಳೆ ತಟ್ಟತೊಡಗಿದರು. "ಎಂತ ಮಾರಾಯ, ಅನ್ನ ತಿನ್ನುದಿಲ್ವಾ? ನಮ್ಮಲ್ಲಿ ನೊಣ ಹೊಡೀಲಿಕ್ಕೂ ಇದಕ್ಕಿಂತ ಜೋರು ಹೊಡೀತಾರೆ" ಅಂದರು. ಮುಂದಿನದನ್ನು ಇದ್ದ ಶಕ್ತಿಯಲ್ಲಿ ಹೊಡೆದೆ. ಬಿಲ್ಲೆ ಬಲಗಾಲಿನ ಒಳಬದಿಗೆ, ಮೊಣಕಾಲಿನ ಹತ್ತಿರ ಬಡಿಯಿತು. ಈ ಸಲ ಧಡ್ ಅನ್ನಲಿಲ್ಲ. ಬೇರೆ ಸದ್ದು. ಮಾಸ್ಟರ್ ಕುಳಿತುಬಿಟ್ಟರು.

ನಾನು ಓಡಿದೆ. ಅವರು ಹಲ್ಲು ಕಚ್ಚಿಕೊಂಡು, ಕೈಯ ಪ್ಯಾಡು ಕಳಚಿ ಜೇಬಿಗೆ ಕೈ ಹಾಕುತ್ತಿದ್ದರು. ಔಷಧಿಯೋ ಏನೋ ಅಂದುಕೊಂಡೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ ತೆಗೆದರು. ಪೆಟ್ಟು ಬಿದ್ದಲ್ಲಿ ಪ್ಯಾಡಿನ ಮೇಲೆ ಒಂದು ಗೆರೆ ಎಳೆದರು.

"ಇಲ್ಲಿ ಕಮ್ಮಿ ಉಂಟು" ಅಂದರು.

ಸಿಸ್ಟರ್ ಬೆಂಚಿನಲ್ಲಿ ಅವರ ಪೈಜಾಮ ಮೇಲೆ ಮಾಡಿ ನೋಡಿದರು. ನೀಲಿಗಟ್ಟಿತ್ತು. ಬೆರಳಲ್ಲಿ ಒತ್ತಿದರು, ಕಾಲು ಮಡಚಿಸಿದರು, ಚಾಚಿಸಿದರು. ಎಲುಬು ಸರಿ ಇತ್ತು. ಆಮೇಲೆ ಸಿಟ್ಟಲ್ಲಿ ಅಂದರು, "ನೋಡಿದ್ರಾ? ಇದು ನನ್ನ ಮಗಳಿಗೆ ಬಿದ್ದಿದ್ರೆ?"

"ಅದಕ್ಕೇ ನಂಗೆ ಬಿದ್ದದ್ದು, ಸಿಸ್ಟರ್."

ಸಿಸ್ಟರ್ ಐಸನ್ನೇ ತಂದು ಕರ್ಚೀಫಿನಲ್ಲಿ ಕಟ್ಟಿ ಕಾಲಿಗೆ ಇಟ್ಟರು. "ನೋಡು, ಐಸು ಉಪಯೋಗಕ್ಕೆ ಬಂತು" ಅಂತ ಮಾಸ್ಟರ್ ನನಗೆ ಹೇಳಿದರು. ನಗು ಬಂತು, ನಗಲು ಆಗಲಿಲ್ಲ.

ಆ ವಾರ ಕುಂಟುತ್ತಲೇ ಆ ತೇಪೆ ಹಾಕಿದರು. ನೀಲಿ ನೂಲು ಮುಗಿದಿತ್ತು, ಕಂದು ನೂಲಲ್ಲಿ ಹೊಲಿದರು. ಮರುವಾರ ಮತ್ತೆ ಗೋಲಿನ ಮುಂದೆ ನಿಂತರು. ಈ ಸಲ ಸಿಸ್ಟರ್ ಐಸಿನ ಬದಿಗೇ ಬಂದು ನಿಂತು ನನಗೆ ಹೇಳಿದರು, "ಅಲ್ಲಿಗೇ ಹೊಡಿ. ಅದೇ ಜಾಗಕ್ಕೆ." ಹೊಡೆದೆ. ಗುರಿ ತಪ್ಪಿತು. ಮತ್ತೆ ಹೊಡೆದೆ. ಸುಮಾರು ಹೊತ್ತು ಹೊಡೆದ ಮೇಲೆ ಒಂದು ಸರಿಯಾಗಿ ಅಲ್ಲಿಗೇ ಹೋಯಿತು.

ಧಡ್.

ಮಾಸ್ಟರ್ ಹೆಲ್ಮೆಟ್ಟಿನೊಳಗಿಂದ ಸಿಸ್ಟರನ್ನು ನೋಡಿದರು. ಸಿಸ್ಟರ್ ಮಗಳನ್ನು ನೋಡಿದರು. "ಹೋಗು" ಅಂದರು, ಅಷ್ಟೇ. ಹುಡುಗಿ ಹೋಗಿ ಮಾಸ್ಟರ್ ಕಾಲಿನಿಂದ ಪ್ಯಾಡು ಬಿಚ್ಚಿಕೊಂಡಳು. ಬಿಸಿ ಆರುವ ಮೊದಲೇ ತನ್ನ ಕಾಲಿಗೆ ಕಟ್ಟಿದಳು.

ಮ್ಯಾಚ್ ಆಯಿತು. ನಾವು ಸೋತೆವು. ಜಿದ್ದಾದವರು ಚೆನ್ನಾಗಿ ಆಡಿದರು, ಸುಳ್ಳು ಯಾಕೆ ಹೇಳಲಿ. ಆದರೆ ಹುಡುಗಿ ತುಂಬ ಗೋಲು ತಡೆದಳು. ಜನ ನಿಂತು ನೋಡಿದರು. ಮೇನೇಜರ್ ಫೋಟೋ ತೆಗೆಸಿಕೊಂಡರು. ಆ ಫೋಟೋವೇ ಈಗ ಬೋರ್ಡಿನ ಮೇಲಿರುವುದು. ಶುಕ್ರವಾರ ಮಕ್ಕಳಿಗೇ ಉಳಿಯಿತು. ಮುಂದಿನ ವರ್ಷ ಖೋಬರಿನವರು ಬಂದರು, ಲೀಗ್ ಎಂದು ಹೆಸರಾಯಿತು.

ಮಾಸ್ಟರ್ ಆ ಮ್ಯಾಚನ್ನು ಪೂರ್ತಿ ನೋಡಿದರು, ಆದರೆ ಬಿಲ್ಲೆ ಎಲ್ಲಿ ಹೋಗುತ್ತದೆ ಎಂದು ನೋಡಲೇ ಇಲ್ಲ. ಮಕ್ಕಳ ಕಂಕುಳಿನ ಹೊಲಿಗೆಯನ್ನೇ ನೋಡುತ್ತಿದ್ದರು. ಮುಗಿದ ಮೇಲೆ ನಾನು ಬೇಜಾರಲ್ಲಿ ಹೋಗಿ ಪಕ್ಕದಲ್ಲಿ ಕುಳಿತೆ.

"ಸೋತೆವು ಮಾಸ್ಟ್ರೇ."

"ಹೌದಾ? ಒಂದು ಹೊಲಿಗೆಯೂ ಬಿಡ್ಲಿಲ್ಲ, ನೋಡಿದ್ಯಾ?" ಅಂದರು. ಮುಖದಲ್ಲಿ ಅಷ್ಟು ಖುಷಿ ನಾನು ಯಾವ ಗೆದ್ದವರಲ್ಲೂ ನೋಡಿಲ್ಲ.

ಆಮೇಲೆ ಅದು ವಾಡಿಕೆಯಾಯಿತು. ಪ್ರತಿ ಸೀಸನ್ ಶುರುವಾಗುವಾಗ, ಮಕ್ಕಳು ಹಾಕುವ ಪ್ಯಾಡನ್ನು ಮೊದಲು ಒಬ್ಬ ದೊಡ್ಡವರು ಹಾಕಿ ಗೋಲಿನ ಮುಂದೆ ನಿಲ್ಲಬೇಕು. ಬಿಲ್ಲೆ ಹೊಡೆಸಿಕೊಳ್ಳಬೇಕು. ಮೊದಲೆಲ್ಲ ಮಾಸ್ಟರೇ ನಿಂತರು. ಹೊಡೆಯುವ ಕೆಲಸ ಮಕ್ಕಳು ನನ್ನಿಂದ ಕಿತ್ತುಕೊಂಡರು. ಜಿದ್ದಾದವರೂ ಖೋಬರಿನವರೂ ಅದನ್ನೇ ಮಾಡಿದರು. ಈಗ ಬಂದ ಹೊಸಬರು ಇದು ಚಳಿ ದೇಶದ ಸಂಪ್ರದಾಯ ಅಂದುಕೊಂಡಿದ್ದಾರೆ. ಅಲ್ಲ. ಇದು ಭಟ್ಕಳದ ಒಬ್ಬ ದರ್ಜಿಯದು.

ಅಂಗಿಗಳು ವರ್ಷ ವರ್ಷ ಬೆಳೆದವು. ಪ್ರತಿ ಸೀಸನ್ನಿಗೆ ಒಂದು ಮಡಿಕೆ ಬಿಚ್ಚುತ್ತಿದ್ದರು. ಬಿಚ್ಚಿದಲ್ಲಿ ಬಟ್ಟೆ ಹೊಸದು, ಬಣ್ಣ ಗಾಢ. ಉಳಿದದ್ದು ಮಾಸಿದ್ದು. ಹಾಗಾಗಿ ಹಳೆಯ ಮಕ್ಕಳ ಅಂಗಿಯ ಪಕ್ಕದಲ್ಲಿ ಪಟ್ಟೆ ಪಟ್ಟೆ ಇರುತ್ತಿತ್ತು. ಪಟ್ಟೆ ಜಾಸ್ತಿ ಇದ್ದವನು ಹಿರಿಯ ಆಟಗಾರ. ಸಣ್ಣವರು ಪಟ್ಟೆಯ ಆಸೆಗೆ ಹೊಸ ಅಂಗಿಯನ್ನು ಬಿಸಿಲಿಗೆ ಹಾಕುತ್ತಿದ್ದರು. ಆಮೇಲೆ ಕಂಪನಿಯೊಂದು ಛಾಪಾ ಹಾಕಿದ ಅಂಗಿ ಕೊಟ್ಟಿತು. ಒಳ್ಳೆಯ ಅಂಗಿಯೇ. ಆದರೆ ಮೊದಲ ದಿನ ಮಕ್ಕಳು ಕೇಳಿದ್ದು ಒಂದೇ… ಜೇಬೆಲ್ಲಿ?

ಗಲ್ಲಿಯ ಹಳೆಯ ಕಟ್ಟಡಗಳನ್ನು ಕೆಡವಿದರು. ಮಾಸ್ಟರ್ ಅಂಗಡಿಯೂ ಹೋಯಿತು. ಅವರಿಗೆ ವೀಸಾ ಕೊಟ್ಟ ಕಫೀಲ್‌ಗೂ ವಯಸ್ಸಾಗಿತ್ತು, ಇಲ್ಲಿ ಇರುವ ಪರವಾನಗಿ, ಇಕಾಮಾ, ಮತ್ತೆ ಮಾಡಿಸುವ ಮನಸ್ಸು ಮಾಸ್ಟರಿಗೂ ಇರಲಿಲ್ಲ. ಊರಿಗೇ ವಾಪಸು ಹೋಗಲು ಪಾಸ್‌ಪೋರ್ಟಿಗೆ ಫೈನಲ್ ಎಕ್ಸಿಟ್ ಹೊಡೆಸಿದರು. ಹೋಗುವ ಮೊದಲಿನ ಶುಕ್ರವಾರ ರಿಂಕಿಗೆ ಬಂದರು. ನಾನೇನೋ ಹೇಳಬೇಕೆಂದಿದ್ದೆ. ಅವರು ಕೆಲಸದ ಮಾತೇ ಆಡಿದರು.

"ಆ ಪ್ಯಾಡಿನ ಹಿಂದೆ ಪಟ್ಟಿಯಲ್ಲಿ ಬಟ್ಟೆ ಬಿಟ್ಟಿದ್ದೇನೆ. ದೊಡ್ಡ ಕಾಲಿಗೆ ಬೇಕಾದ್ರೆ ಬಿಚ್ಚು. ಬ್ಲೇಡ್ ನೂಲಿಗೆ ತಾಗ್ಬೇಕು, ಬಟ್ಟೆಗೆ ತಾಗ್ಬಾರ್ದು. ಗೊತ್ತಾಯ್ತಾ?"

"ಗೊತ್ತಾಯ್ತು ಮಾಸ್ಟ್ರೇ."

"ಎಂತ ಗೊತ್ತಾಯ್ತು? ನಿನ್ನ ಕೈ ಲಾರಿ ಡ್ರೈವರಿಂದು" ಅಂದು ನಕ್ಕರು. ಆ ಹುಡುಗಿ ಬಂದು ಕಾಲು ಮುಟ್ಟಲು ಬಗ್ಗಿದಳು. ಮಾಸ್ಟರ್ ಬಿಡಲಿಲ್ಲ. ಅವಳ ತೋಳು ಹಿಡಿದು ಅಳತೆ ನೋಡಿದರು, "ಬೆಳೆದಿ" ಅಂದರು. ಅವಳು ಈಗ ಮಂಗಳೂರಿನಲ್ಲಿ ಓದುತ್ತಿದ್ದಾಳೆ.

ಅವರು ತೀರಿಹೋದ ಸುದ್ದಿ ವಾಟ್ಸಾಪಿನಲ್ಲಿ ಬಂತು, ಅವರ ತಮ್ಮನ ಮಗನ ದನಿಯಲ್ಲಿ. ನಾನು ಐಸಿನ ಗಾಡಿಯ ಮೇಲಿದ್ದೆ. ನಿಲ್ಲಿಸಲು ಆಗುವುದಿಲ್ಲ, ಮಕ್ಕಳು ಬದಿಯಲ್ಲಿ ಕಾಯುತ್ತಿದ್ದರು. ಒಂದು ಸುತ್ತು ಜಾಸ್ತಿ ಹೊಡೆದೆ. ಯಾರಿಗೂ ಗೊತ್ತಾಗಲಿಲ್ಲ…

ಸ್ಟೋರ್ ರೂಮು ಖಾಲಿಯಾಯಿತು. ಹೊಸ ಸಾಮಾನು ಮಾತ್ರ ಬರಲಿಲ್ಲ, ದಾರಿಯಲ್ಲಿ ಎಲ್ಲೋ ಸಿಕ್ಕಿಬಿದ್ದಿತ್ತು. ತಬೂಕಿನ ಮಕ್ಕಳು ಬಂದು ಇಳಿದಿದ್ದರು. ಅಲ್ಲಿ ರಸ್ತೆ ಬದಿ ಸಿಮೆಂಟಿನ ಮೇಲೆ ಗಾಲಿ ಸ್ಕೇಟಿನಲ್ಲಿ ಕಲಿತವರು. ಅವರ ಗೋಲಿ ಒಬ್ಬ ಸೌದಿ ಹುಡುಗ, ತೋಟದ ಕೆಲಸದವರ ಮಗ. ಕಾಲಿಗೆ ಪ್ಯಾಡಿಲ್ಲ, ಕೊಡಬೇಕಾದದ್ದು ಆ ಹೊಸ ಸಾಮಾನಿನಲ್ಲೇ ಇತ್ತು. ಇವತ್ತು ಬೇಡ, ಅವರು ಸುಮ್ಮನೆ ನೋಡಿ ಹೋಗಲಿ ಎಂದು ಲೀಗಿನವರೊಬ್ಬರು ಅಂದರು. ಅಷ್ಟು ದೂರ ಬಸ್ಸಿನಲ್ಲಿ ಕುಳಿತು ಬಂದ ಮಕ್ಕಳು ಸುಮ್ಮನೆ ನೋಡುವುದೇ?

ನಾನು ನೀಲಿ ಪ್ಯಾಡು ಹೊರಗೆ ತಂದೆ. ಹಿಂದಿನ ಪಟ್ಟಿಯ ಮಡಿಕೆ ಹಾಗೇ ಇತ್ತು. ಬ್ಲೇಡು ನೂಲಿಗೆ ತಾಗಿಸಿದೆ, ಬಟ್ಟೆಗೆ ತಾಗಿಸಲಿಲ್ಲ. ಪಟ್ಟಿ ಉದ್ದವಾಯಿತು, ನನ್ನ ಕಾಲಿಗೆ ಬಂತು. ಗೋಲಿನ ಮುಂದೆ ಹೋಗಿ ನಿಂತೆ. ಆ ಹುಡುಗನನ್ನೇ ಕರೆದೆ. "ಯಲ್ಲಾ, ಹೊಡಿ."

ಮೊದಲು ಹೆದರಿದ. ಮೆಲ್ಲಗೆ ಹೊಡೆದ. ನಾನು ಬೈದ ಮೇಲೆ ಸಿಟ್ಟು ಬಂತು ಅವನಿಗೆ. ಜೋರಾಗಿ ಬಂತು ಬಿಲ್ಲೆ, ಬಲಗಾಲಿನ ಒಳಬದಿಗೆ, ಮೊಣಕಾಲಿನ ಹತ್ತಿರ, ಸರಿಯಾಗಿ ಆ ಕಂದು ನೂಲಿನ ಮೇಲೆ.

ಧಡ್ ಅಂತು. ನೋಯಲಿಲ್ಲ.

"ಹೊಲಿಗೆ ಬಿಡ್ಲಿಲ್ಲ ಮಾಸ್ಟ್ರೇ" ಅಂತ ಬೆಂಚಿನ ಕಡೆ ತಿರುಗಿದೆ. ಬಾಯಿಯಿಂದ ಬಂದೇಬಿಟ್ಟಿತು. ಬೆಂಚಿನ ಮೇಲೆ ತಬೂಕಿನ ಮಕ್ಕಳ ಚೀಲಗಳಿದ್ದವು.

ಹುಡುಗ ಕೋಲು ಕೆಳಗೆ ಹಾಕಿ ನನ್ನ ಹತ್ತಿರ ಬಂದ. ಬಗ್ಗಿ ನನ್ನ ಕಾಲಿನಿಂದ ಪ್ಯಾಡು ಬಿಚ್ಚತೊಡಗಿದ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಕಾಲು ಮುಂದೆ ಚಾಚಿ ನಿಂತೆ.